ಚರ್ಚೆಗೆ ಕೂರುವ ಮುನ್ನ ಕೊಪ್ಪಳ ಸೀಮೆ ಸುತ್ತಿ ಬನ್ನಿ

ರಾಯಚೂರಿನಿಂದ ಬೇರೆಯಾಗಿ 1997ರಲ್ಲಿ ಕೊಪ್ಪಳ ಜಿಲ್ಲೆಯಾದಾಗ ಅದಕ್ಕಿದ್ದದ್ದು ನಾಲ್ಕೇ ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಆಮೇಲೆ ಕುಕನೂರು, ಕನಕಗಿರಿ, ಕಾರಟಗಿ ಸೇರಿ ಏಳಾದವು. ವಿಧಾನಸಭಾ ಕ್ಷೇತ್ರಗಳು ಐದು. ಕೊಪ್ಪಳ ಲೋಕಸಭಾ ಕ್ಷೇತ್ರದೊಳಗೆ ಬರುವ ವಿಧಾನಸಭಾ ಕ್ಷೇತ್ರಗಳು ಎಂಟು. ಅವುಗಳಲ್ಲಿ ಸಿಂಧನೂರು, ಮಸ್ಕಿ ರಾಯಚೂರು ಜಿಲ್ಲೆಯವು, ಸಿರುಗುಪ್ಪ ಬಳ್ಳಾರಿಯದು. ಏಳು, ಐದು, ಎಂಟು. ಈ ಮೂರು ಅಂಕಿ ನಾಲಿಗೆ ಮೇಲಿಲ್ಲದೆ ಇಲ್ಲಿಯ ರಾಜಕೀಯ ಮಾತಾಡಲು ಬರುವುದಿಲ್ಲ. ಆದರೂ ಎಣಿಕೆಯ ದಿನ ಬೆಂಗಳೂರಿನ ಸ್ಟುಡಿಯೊಗಳಲ್ಲಿ ಕೂತು, ಲೋಕಸಭೆಯ ಫಲಿತಾಂಶವನ್ನು ‘ಕೊಪ್ಪಳ ಜಿಲ್ಲೆಯ ಜನರ ತೀರ್ಪು’ ಎಂದು ಬಿಡಿಸಿ ಹೇಳುವವರಿಗೆ ಬರವಿಲ್ಲ.

ಹಾಗೆ ಹೇಳುವವರ ಹೆಸರಿನ ಕೆಳಗೆ ಪರದೆ ಮೇಲೆ ‘ರಾಜಕೀಯ ವಿಶ್ಲೇಷಕರು’ ಎಂಬ ಪಟ್ಟಿ ಬರುತ್ತದೆ. ವಕೀಲರಿಗೆ ಸನ್ನದು ಬೇಕು, ವೈದ್ಯರಿಗೆ ನೋಂದಣಿ ಬೇಕು. ಈ ಪಟ್ಟಿಗೆ ಚಾನೆಲ್ಲಿನಿಂದ ಒಂದು ಫೋನು ಬಂದರೆ ಸಾಕು. ತರಬೇತಿ ಎನ್ನುವುದು ಇಲ್ಲವೇ ಇಲ್ಲ ಅಂತಲ್ಲ. ಪಕ್ಷಗಳು ತಮ್ಮ ವಕ್ತಾರರಿಗೆ ಕಾರ್ಯಾಗಾರ ನಡೆಸುತ್ತವೆ. ಯುವ ಕಾಂಗ್ರೆಸ್ ‘ಯಂಗ್ ಇಂಡಿಯಾ ಕೆ ಬೋಲ್’ ಎಂಬ ಭಾಷಣ ಸ್ಪರ್ಧೆ ಏರ್ಪಡಿಸಿ ವಕ್ತಾರರನ್ನು ಆರಿಸಿಕೊಂಡಿತು. ದೆಹಲಿಯ ಸಂಶೋಧನಾ ಸಂಸ್ಥೆ ಸಿಎಸ್‌ಡಿಎಸ್‌ನ ಲೋಕನೀತಿ ತಂಡ ಚುನಾವಣೆಯ ಅಂಕಿಅಂಶ ಓದುವುದನ್ನು ಕಲಿಸುವ ಬೇಸಿಗೆ ಶಿಬಿರಗಳನ್ನು ನಡೆಸುತ್ತ ಬಂದಿದೆ. ಮೊದಲಿನವು ಪಕ್ಷದ ಪರ ಮಾತಾಡುವುದನ್ನು ಕಲಿಸುತ್ತವೆ, ಶಿಬಿರ ಲೆಕ್ಕ ಕಲಿಸುತ್ತದೆ. ಊರು ಓದುವುದನ್ನು ಕಲಿಸುವವರು ಯಾರು? ಈ ಪ್ರಶ್ನೆ ಇಟ್ಟುಕೊಂಡು ಹಳೆಯ ನಾಲ್ಕು ತಾಲ್ಲೂಕು ಕೇಂದ್ರಗಳನ್ನು ಸುತ್ತಿದರೆ, ಟಿವಿಯಲ್ಲಿ ಮಾತಾಡಬೇಕೆನ್ನುವವರಿಗೆ ಬೇಕಾದ ಪಾಠಗಳೆಲ್ಲ ಇಲ್ಲೇ ಬಿದ್ದಿವೆ ಎನ್ನಿಸುತ್ತದೆ.

ಕೊಪ್ಪಳ: ಸುತ್ತಿನ ಲೆಕ್ಕ

ಕೊಪ್ಪಳಕ್ಕೆ ರೈಲಿನಲ್ಲಿ ಬಂದರೂ ಬಸ್ಸಿನಲ್ಲಿ ಬಂದರೂ ಮೊದಲು ಕಣ್ಣಿಗೆ ಬೀಳುವುದು ಬೋಳು ಬಂಡೆಗಳ ಗುಡ್ಡ. ಒಂದರ ಮೇಲೆ ಕೋಟೆ, ಇನ್ನೊಂದರ ಮೈಗೆ ಹೊಂದಿಕೊಂಡಂತೆ ಗವಿಮಠ. ಜನವರಿಯ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುವ ಈ ಮಠದ ಗುಡ್ಡದಲ್ಲೂ ಊರಾಚೆಯ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೇಲಾಯಿತು, ಆದರೆ ಮೊದಲ ಒಂದು ವರ್ಷ ಹೇಳಿಕೊಳ್ಳುವಂಥ ಪ್ರಯತ್ನವನ್ನೇನೂ ಮಾಡಲಿಲ್ಲ ಎಂಬ ಅರ್ಥದ ಮಾತಿನಿಂದ ಚಕ್ರವರ್ತಿ ಅಲ್ಲಿ ತನ್ನ ವಿಷಯ ಎತ್ತಿಕೊಳ್ಳುತ್ತಾನೆ. ನಾಡಿಗೆಲ್ಲ ಸಾರುವ ಮಾತಿಗೆ ಪೀಠಿಕೆಯಾಗಿ ತನ್ನ ಕೊರತೆಯನ್ನೇ ಇಡುತ್ತಾನೆ. ಗುಡ್ಡ ಇಳಿದು ಬಂದು ಅಂದಿನ ಸಂಜೆಯ ಚರ್ಚೆ ಹಾಕಿ ನೋಡಿ: ‘ಆ ಭಾಗಕ್ಕೆ ನಾನು ಹೋಗಿಲ್ಲ, ಗೊತ್ತಿಲ್ಲ’ ಎನ್ನುವ ಒಬ್ಬರನ್ನು ಹುಡುಕುವುದು ಕಷ್ಟ.

ಮತ ಎಣಿಕೆ ನಡೆಯುವುದು ನಗರದ ಗವಿಸಿದ್ಧೇಶ್ವರ ಕಾಲೇಜಿನಲ್ಲಿ. ಎಣಿಕೆಯ ಬೆಳಿಗ್ಗೆ ಕಾಲೇಜಿನ ಹೊರಗಿನ ರಸ್ತೆ ನೋಡಬೇಕು. ಬ್ಯಾರಿಕೇಡು, ಪೊಲೀಸರು, ಚಾ ಅಂಗಡಿ ಮುಂದೆ ಕೈಯಲ್ಲಿ ಕಾಗದ ಹಿಡಿದ ಕಾರ್ಯಕರ್ತರು. ಒಂದು ವಿಧಾನಸಭಾ ಕ್ಷೇತ್ರದ ಎಣಿಕೆಗೆ ಸಾಮಾನ್ಯವಾಗಿ 14 ಟೇಬಲ್. ಒಂದು ಸುತ್ತು ಎಂದರೆ 14 ಮತಗಟ್ಟೆಗಳ ಯಂತ್ರ. ಯಂತ್ರಗಳು ಮತಗಟ್ಟೆ ಸಂಖ್ಯೆಯ ಪ್ರಕಾರ ಟೇಬಲ್ಲಿಗೆ ಬರುತ್ತವೆ. ಸಂಖ್ಯೆಗಳೋ ಹೆಚ್ಚೂಕಡಿಮೆ ಊರ ಪಕ್ಕದ ಊರು ಎನ್ನುವಂತೆ ಸಾಗುತ್ತವೆ. ಹಾಗಾಗಿ ಮೊದಲ ಸುತ್ತುಗಳ ‘ಮುನ್ನಡೆ’ ಎಂದರೆ ಕ್ಷೇತ್ರದ ಒಂದು ಮೂಲೆಯ ಮುನ್ನಡೆ ಅಷ್ಟೇ. ಬೂತ್ ಏಜೆಂಟರಿಗೆ ಇದು ಚೆನ್ನಾಗಿ ಗೊತ್ತು. ಯಾವ ಸುತ್ತಿಗೆ ಯಾವ ಊರು ಎಂದು ಬರೆದಿಟ್ಟುಕೊಂಡು, ‘ನಮ್ಮ ಊರುಗಳು ಇನ್ನ ಬರಬೇಕ್ರಿ’ ಎಂದು ಚಾ ಕುಡಿಯುತ್ತ ನಿಂತಿರುತ್ತಾರೆ. ಅದೇ ಹೊತ್ತಿಗೆ ಪಕ್ಕದ ಅಂಗಡಿಯ ಟಿವಿಯಲ್ಲಿ ಅವರದೇ ಅಭ್ಯರ್ಥಿಗೆ ‘ಭಾರಿ ಹಿನ್ನಡೆ’ಯಾಗಿ, ಅದಕ್ಕೆ ಕಾರಣಗಳ ವಿಶ್ಲೇಷಣೆಯೂ ಶುರುವಾಗಿರುತ್ತದೆ.

2024ರ ಲೋಕಸಭಾ ಚುನಾವಣೆಯಲ್ಲಿ ಇಲ್ಲಿ ಕಾಂಗ್ರೆಸ್ಸಿನ ರಾಜಶೇಖರ ಹಿಟ್ನಾಳ 6,63,511 ಮತ ಪಡೆದರು, ಬಿಜೆಪಿಯ ಡಾ. ಬಸವರಾಜ ಕ್ಯಾವಟರ್ 6,17,154. ಅಂತರ 46,357. ಇದೇ ಹಿಟ್ನಾಳ 2019ರಲ್ಲಿ ಸಂಗಣ್ಣ ಕರಡಿ ಎದುರು 38,397 ಮತಗಳಿಂದ ಸೋತಿದ್ದರು. 2024ರಲ್ಲಿ ಟಿಕೆಟ್ ತಪ್ಪಿದ ಕರಡಿ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದ್ದರು. ಇಷ್ಟು ತಿಳಿದ ಕೂಡಲೇ ‘ಕರಡಿ ಹೋದದ್ದರಿಂದಲೇ ಬಿಜೆಪಿ ಸೋತಿತು’ ಎಂಬ ವಾಕ್ಯ ತಾನೇ ತಾನಾಗಿ ಬಾಯಿಗೆ ಬರುತ್ತದೆ. ಇರಬಹುದು. ಆದರೆ ಕರಡಿಯವರ ಹಿಡಿತವಿರುವ ಕೊಪ್ಪಳ ಭಾಗದಲ್ಲಿ ಮತ ಎಷ್ಟು ಸರಿಯಿತು, ಅವರ ಮಾತು ಅಷ್ಟಾಗಿ ನಡೆಯದ ಸಿರುಗುಪ್ಪ, ಮಸ್ಕಿಗಳಲ್ಲಿ ಎಷ್ಟು ಸರಿಯಿತು ಎಂದು ಎರಡನ್ನೂ ಹೋಲಿಸದೆ ಆ ವಾಕ್ಯ ಹೇಳುವಂತಿಲ್ಲ. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ಕಾರಣ ಬೇರೆಲ್ಲೋ ಇದೆ. ಈ ಲೆಕ್ಕ ಮತಗಟ್ಟೆವಾರು ‘ಫಾರಂ 20’ರಲ್ಲಿ ಸಿಗುತ್ತದೆ. ಚುನಾವಣೆ ಮುಗಿದ ಮೇಲೆ ಯಾರು ಬೇಕಾದರೂ ಪುಕ್ಕಟೆ ನೋಡಬಹುದಾದ ಕಾಗದ ಅದು. ವಿಶ್ಲೇಷಕರಾಗಲು ಹೊರಟವರಿಗೆ ಮಗ್ಗಿ ಪುಸ್ತಕ ಅದೇ.

ಕೊಪ್ಪಳ ಇನ್ನೊಂದು ಮಾತನ್ನೂ ಕಲಿಸುತ್ತದೆ. ನಗರಕ್ಕೆ ಅಂಟಿಕೊಂಡೇ ಬರಲಿದ್ದ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡವೆಂದು 2025ರ ಫೆಬ್ರುವರಿ 24ರಂದು ಊರಿಗೆ ಊರೇ ಬಂದ್ ಆಯಿತು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತರು, ಬೇರೆ ಬೇರೆ ಪಕ್ಷದವರು ಒಂದೇ ವೇದಿಕೆಗೆ ಬಂದರು. ಸ್ಟುಡಿಯೊದಲ್ಲಿ ಬಿಜೆಪಿಗೆ ಒಂದು ಕುರ್ಚಿ, ಕಾಂಗ್ರೆಸ್ಸಿಗೆ ಒಂದು ಕುರ್ಚಿ, ನಡುವೆ ಜಗಳ ಹಚ್ಚುವ ನಿರೂಪಕರು. ಮಠ, ವ್ಯಾಪಾರಿಗಳು, ವಿದ್ಯಾರ್ಥಿಗಳು, ಹೊಗೆ ಕುಡಿದು ಸಾಕಾದ ಹಳ್ಳಿಗಳವರು ಒಟ್ಟಿಗೆ ಬೀದಿಗಿಳಿದ ರಾಜಕೀಯಕ್ಕೆ ಆ ಎರಡು ಕುರ್ಚಿಯಲ್ಲಿ ಜಾಗ ಸಿಗುವುದಿಲ್ಲ.

ಗಂಗಾವತಿ: ನೀರು ಮತ್ತು ಕೂಡು-ಕಳೆ

ಮುನಿರಾಬಾದ್ ದಾಟಿ ಗಂಗಾವತಿ ಕಡೆ ಹೊರಟರೆ ನೆಲದ ಬಣ್ಣವೇ ಬದಲಾಗುತ್ತದೆ. ಕಾಲುವೆ, ಭತ್ತದ ಗದ್ದೆ, ರೈಸ್ ಮಿಲ್ಲು, ಬಂಡೆಗಳ ನಡುವೆ ಆನೆಗೊಂದಿ, ಅಂಜನಾದ್ರಿ. ಇಲ್ಲಿ ಊರ ಹೆಸರಿನ ಜೊತೆ ‘ಕ್ಯಾಂಪ್’ ಸೇರಿರುವ ವಸತಿಗಳು ಬಹಳ. ತುಂಗಭದ್ರಾ ಜಲಾಶಯ ಆದ ಮೇಲೆ ಆಂಧ್ರದಿಂದ ಬಂದು ಭೂಮಿ ಕೊಂಡು ನೆಲೆಸಿದ ರೈತರ ಕ್ಯಾಂಪುಗಳು ಅವು. ಒಂದೇ ಬಸ್ಸಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಸುತ್ತವೆ. ಜಾತಿ ಪಟ್ಟಿ ಒಂದನ್ನೇ ಹಿಡಿದು ಬಂದವರಿಗೆ ಗಂಗಾವತಿ ಅರ್ಥವಾಗುವುದಿಲ್ಲ. ಕಾಲುವೆಯ ಮೇಲ್ಭಾಗದವರು, ಕೊನೆ ಭಾಗದವರು ಎಂಬ ಎರಡು ಪಂಗಡ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿ ಸಭೆಗೆ ಇಲ್ಲಿಯ ಜನ ಕಾಯುವಷ್ಟು ಯಾವ ನಾಯಕರ ಭಾಷಣಕ್ಕೂ ಕಾಯುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ಟಿವಿಗಳಿಗೆ ಹಗಲು ರಾತ್ರಿ ಇದೇ ಸುದ್ದಿ. ರಾಜ್ಯ ಸರ್ಕಾರದ ತಪ್ಪು ಎಂದು ಒಬ್ಬರು, ಕೇಂದ್ರದ್ದು ಎಂದು ಇನ್ನೊಬ್ಬರು. ಜಲಾಶಯ ನೋಡಿಕೊಳ್ಳುವುದು 1953ರಲ್ಲಿ ರಚನೆಯಾದ ತುಂಗಭದ್ರಾ ಮಂಡಳಿ. ಅದರ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ, ಸದಸ್ಯರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣದವರಿದ್ದಾರೆ. ಎಡದಂಡೆ ಕಾಲುವೆ ಮಾತ್ರ ಕರ್ನಾಟಕದ ಕೈಯಲ್ಲಿ. ಮೊದಲು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ, ಈಗ ಲೆಕ್ಕಕ್ಕೆ ಉಳಿದಿರುವುದು 105.788 ಟಿಎಂಸಿ ಅಡಿ. ಅದಕ್ಕಾಗಿಯೇ ಕನಕಗಿರಿ ಸೀಮೆಯ ನವಲಿ ಬಳಿ ಸಮತೋಲನ ಜಲಾಶಯದ ಮಾತು ಪ್ರತಿ ಚುನಾವಣೆಯಲ್ಲೂ ಏಳುತ್ತದೆ. ಇಷ್ಟು ಗೊತ್ತಿದ್ದರೆ ‘ಯಾರ ತಪ್ಪು’ ಎಂಬ ಪ್ರಶ್ನೆಗೆ ಒಂದು ಗಂಟೆ ಕೂಗಾಡಬೇಕಿಲ್ಲ, ಎರಡು ನಿಮಿಷದಲ್ಲಿ ಉತ್ತರ ಮುಗಿಯುತ್ತದೆ.

ಇನ್ನು ಲೆಕ್ಕ. 2023ರ ವಿಧಾನಸಭಾ ಚುನಾವಣೆಯಲ್ಲಿ ಜನಾರ್ದನ ರೆಡ್ಡಿ ತಮ್ಮದೇ ಹೊಸ ಪಕ್ಷ ಕಟ್ಟಿಕೊಂಡು ಬಂದು ಗಂಗಾವತಿಯಲ್ಲಿ ಗೆದ್ದರು. ಅವರಿಗೆ 66,213, ಕಾಂಗ್ರೆಸ್ಸಿನ ಇಕ್ಬಾಲ್ ಅನ್ಸಾರಿಗೆ 57,947, ಬಿಜೆಪಿಯ ಪರಣ್ಣ ಮುನವಳ್ಳಿಗೆ 29,167. ‘ಹೊಸ ಗಾಳಿಗೆ ಕಾಂಗ್ರೆಸ್ ಕೊಚ್ಚಿಹೋಯಿತು’ ಎಂದು ಬಿಡುವುದು ಸುಲಭ. ಪಕ್ಕದಲ್ಲಿ 2018ರ ಅಂಕಿ ಇಡಿ: ಗೆದ್ದ ಮುನವಳ್ಳಿಗೆ 67,617, ಸೋತ ಅನ್ಸಾರಿಗೆ 59,644. ಅನ್ಸಾರಿ ಐದು ವರ್ಷದಲ್ಲಿ ಕಳೆದುಕೊಂಡದ್ದು 1,697 ಮತ ಮಾತ್ರ. ಗಾಳಿ ಬೀಸಿದ್ದು ನಿಜ, ಆದರೆ ಅದು ಬೀಸಿದ್ದು ಕಾಂಗ್ರೆಸ್ಸಿನ ಹೊಲದಲ್ಲಲ್ಲ. ಬಿಜೆಪಿಯ ಬಹುಪಾಲು ಮತ ರೆಡ್ಡಿಯವರ ಕಡೆ ಹೋದಂತಿದೆ. ಅದರ ಮೇಲೂ ರೆಡ್ಡಿ ಮತ್ತು ಮುನವಳ್ಳಿ ಇಬ್ಬರದೂ ಕೂಡಿದರೆ 95,380, ಅಂದರೆ ಹಿಂದಿನ ಬಿಜೆಪಿ ಮತಕ್ಕಿಂತ ಸುಮಾರು 28 ಸಾವಿರ ಹೆಚ್ಚು. ಆ ಹೆಚ್ಚುವರಿ ಎಲ್ಲಿಂದ ಬಂತು, ಹೊಸ ಮತದಾರರೋ, ಸಣ್ಣ ಪಕ್ಷಗಳವರೋ? ಪ್ರಶ್ನೆ ಶುರುವಾಗುವುದು ಇಲ್ಲಿಂದ. ಟಿವಿ ಚರ್ಚೆ ಅಷ್ಟರೊಳಗೆ ಮುಗಿದುಹೋಗಿರುತ್ತದೆ.

ಮಾತಾಡುವವರಷ್ಟೇ ಮುಖ್ಯ ಮಾತಾಡಿಸುವ ಚಾನೆಲ್ಲಿನ ಒಡೆತನ. 2011ರಲ್ಲಿ ಶುರುವಾದ ಜನಶ್ರೀ ಸುದ್ದಿವಾಹಿನಿಯ ಹಿಂದೆ ಇದ್ದದ್ದು ಇದೇ ಜನಾರ್ದನ ರೆಡ್ಡಿಯವರ ಬಳ್ಳಾರಿ ಬಳಗ. ಕಸ್ತೂರಿ ವಾಹಿನಿ ಎಚ್.ಡಿ. ಕುಮಾರಸ್ವಾಮಿ ಕುಟುಂಬದ್ದು. ಕ್ಯಾಮೆರಾ ಯಾರದೆಂದು ತಿಳಿದು ಕೂರುವುದೂ ತರಬೇತಿಯ ಭಾಗವೇ.

ಗಂಗಾವತಿ ಬಿಡುವ ಮುನ್ನ ಮರಕುಂಬಿಯ ಹೆಸರು ಹೇಳಲೇಬೇಕು. 2014ರ ಆಗಸ್ಟಿನಲ್ಲಿ ಈ ಹಳ್ಳಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದಾಗ ದೇಶವೇ ತಿರುಗಿ ನೋಡಿತು. ಸ್ಟುಡಿಯೊದಲ್ಲಿ ‘ಇಂಥ ಜಾತಿ ಇಷ್ಟು ಪರ್ಸೆಂಟ್’ ಎಂದು ಪರದೆ ಮೇಲೆ ಬಣ್ಣ ತುಂಬುವವರು, ಆ ಪರ್ಸೆಂಟಿನೊಳಗೆ ಹತ್ತು ವರ್ಷ ಕೋರ್ಟಿಗೆ ಅಲೆದ ಮನೆಗಳಿವೆ ಎಂಬುದನ್ನು ಇಲ್ಲಿಗೆ ಬಂದು ತಿಳಿಯಬೇಕು.

ಕುಷ್ಟಗಿ: ನಂಬಿಕೆ ಬೇರೆ, ಪುರಾವೆ ಬೇರೆ

ಹೊಸಪೇಟೆಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು ಕುಷ್ಟಗಿ. ಕಾಲುವೆಯ ಹಸಿರು ಹಿಂದೆ ಬಿತ್ತು. ಇದು ಮಳೆ ನೋಡಿ ಬಿತ್ತುವ ಸೀಮೆ. 2025ರ ಮೇ 15ರಂದು ಹುಬ್ಬಳ್ಳಿ–ಕುಷ್ಟಗಿ ರೈಲು ಓಡತೊಡಗಿದಾಗ ಊರಿಗೆ ಹಬ್ಬ. ಗದಗ–ವಾಡಿ ಮಾರ್ಗದ ಕಾಮಗಾರಿಗೆ ಎಷ್ಟೋ ವರ್ಷ ಕಾದಿದ್ದವರು ಇವರು. 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಕ್ಷೇತ್ರಕ್ಕೆ ಕುಷ್ಟಗಿಯದೇ ಹೆಸರಿತ್ತು. ಗೆದ್ದದ್ದು ಪಕ್ಷೇತರರಾಗಿ ನಿಂತ ಅಳವಂಡಿಯ ಶಿವಮೂರ್ತಿ ಸ್ವಾಮಿ. ನಿಜಾಮರ ಆಳ್ವಿಕೆಯಿಂದ ಆಗಷ್ಟೇ ಹೊರಬಂದ ಸೀಮೆ ಕಾಂಗ್ರೆಸ್ಸನ್ನು ಬಿಟ್ಟು ಪಕ್ಷೇತರನನ್ನು ದೆಹಲಿಗೆ ಕಳಿಸಿತ್ತು ಎಂಬುದು, ‘ಇದು ಎಂದಿನಿಂದಲೂ ಅವರ ಭದ್ರಕೋಟೆ’ ಎನ್ನುವವರು ನೆನಪಿಡಬೇಕಾದ ಸಂಗತಿ.

ಕುಷ್ಟಗಿಯ ಬಗ್ಗೆ ಟಿವಿಗಳಿಗೆ ಪ್ರಿಯವಾದ ಕಥೆ ಒಂದೇ: ಇಲ್ಲಿ ಒಮ್ಮೆ ಗೆದ್ದವರು ಮರುಸಲ ಗೆಲ್ಲುವುದಿಲ್ಲ. 2013ರಲ್ಲಿ ಬಿಜೆಪಿಯ ದೊಡ್ಡನಗೌಡ ಪಾಟೀಲ, 2018ರಲ್ಲಿ ಕಾಂಗ್ರೆಸ್ಸಿನ ಅಮರೇಗೌಡ ಬಯ್ಯಾಪುರ, 2023ರಲ್ಲಿ ಮತ್ತೆ ದೊಡ್ಡನಗೌಡ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ-ಮಿರ್ಚಿ ತಿನ್ನುತ್ತ ಈ ಕಥೆ ಕೇಳಿದರೆ ರುಚಿಯಾಗಿಯೇ ಇರುತ್ತದೆ. ಊರಿನವರು ಹೇಳಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ವಿಶ್ಲೇಷಕರ ಬಾಯಲ್ಲಿ ಇದೇ ‘ಕುಷ್ಟಗಿಯ ಶಾಪ’ವಾಗಿ ಹೊರಬಂದರೆ ತೊಂದರೆ. ಬೆರಳೆಣಿಕೆಯ ಚುನಾವಣೆಗಳು, ಮತ್ತೆ ಮತ್ತೆ ಅವರೇ ಇಬ್ಬರು ಅಭ್ಯರ್ಥಿಗಳು. ಇಬ್ಬರಿಗೂ ತಮ್ಮದೇ ಆದ ಊರುಗಳು, ತಮ್ಮದೇ ಬಳಗ. ಬಲ ಹೀಗೆ ಸರಿಸಮ ಇದ್ದಾಗ ಅಧಿಕಾರದಲ್ಲಿದ್ದವರ ಮೇಲಿನ ಸಣ್ಣ ಬೇಸರವೂ ತಕ್ಕಡಿಯನ್ನು ಆಚೆ ಬಗ್ಗಿಸುತ್ತದೆ. ಕುಡಿಯುವ ನೀರು, ಕೃಷ್ಣೆಯ ನೀರಾವರಿ, ಗುಳೆ ಹೋಗುವ ಮನೆಗಳು: ಬೇಸರಕ್ಕೆ ಕಾರಣಗಳು ಇಲ್ಲಿ ಎದುರಿಗೇ ಇವೆ. ಕೃಷ್ಣಾ ಎರಡನೇ ನ್ಯಾಯಮಂಡಳಿ ತೀರ್ಪು ಕೊಟ್ಟದ್ದು 2010ರ ಡಿಸೆಂಬರಿನಲ್ಲಿ; ಆಲಮಟ್ಟಿ ಅಣೆಕಟ್ಟಿನ ಎತ್ತರ 519.6 ಮೀಟರಿನಿಂದ 524.256ಕ್ಕೆ ಏರಿದರೆ ನೀರು ಬರುತ್ತದೆಂದು ಆಗಿನಿಂದ ಕಾದವರು ಇಲ್ಲಿದ್ದಾರೆ. ಶಾಪದ ಕಥೆ ಹೇಳಿದರೆ ಇದಾವುದನ್ನೂ ಹೇಳಬೇಕಾಗಿಲ್ಲ. ಅದು ಅಷ್ಟು ಜನಪ್ರಿಯ ಯಾಕೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಯಲಬುರ್ಗಾ: ಬಜೆಟ್ಟಿನ ಒಳಪುಟ

ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿಯಾಗಿದ್ದ ಯಲಬುರ್ಗಾ ಈಗ ತಣ್ಣಗಿನ ತಾಲ್ಲೂಕು ಕೇಂದ್ರ. 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿ, ಅದರಲ್ಲಿ 39ನ್ನು ‘ಅತ್ಯಂತ ಹಿಂದುಳಿದ’ ಪಟ್ಟಿಗೆ ಹಾಕಿತು. ಯಲಬುರ್ಗಾ, ಕುಷ್ಟಗಿ ಎರಡೂ ಆ ಪಟ್ಟಿಯಲ್ಲಿವೆ. ಇದೇ ಕ್ಷೇತ್ರದ ಶಾಸಕ ಬಸವರಾಜ ರಾಯರಡ್ಡಿ 1996ರಲ್ಲಿ ಜನತಾದಳದಿಂದ ಸಂಸದರಾಗಿದ್ದವರು, ಆಮೇಲೆ ಉನ್ನತ ಶಿಕ್ಷಣ ಸಚಿವರಾದವರು, ಮುಖ್ಯಮಂತ್ರಿ ಸಿದ್ದರಾಮಯ್ಯ ಅವರಿಗೆ ಆರ್ಥಿಕ ಸಲಹೆಗಾರರಾಗಿಯೂ ನೇಮಕಗೊಂಡವರು. ಗ್ಯಾರಂಟಿ ಯೋಜನೆಗಳ ಖರ್ಚಿನ ಬಗ್ಗೆ ಅವರ ಒಂದು ಹೇಳಿಕೆ ಸಿಕ್ಕರೆ ಚಾನೆಲ್ಲುಗಳಿಗೆ ಸಂಜೆಯ ಊಟವಾದಂತೆ.

ಹೇಳಿಕೆ ಮೇಲೆ ಚರ್ಚೆ ನಡೆಯಲಿ. ಆದರೆ ಚರ್ಚೆಗೆ ಕೂತವರಿಗೆ ಸಂವಿಧಾನದ 371ಜೆ ವಿಧಿ ಕಲ್ಯಾಣ ಕರ್ನಾಟಕಕ್ಕೆ ಏನು ಕೊಡುತ್ತದೆ ಎಂಬುದು ಗೊತ್ತಿರಬೇಕು: ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು ಸೀಟು, ಸ್ಥಳೀಯ ವೃಂದದ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿಗೆ ಶೇ 75, ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಬಜೆಟ್ಟಿನಿಂದ ಘೋಷಣೆಯಾಗುತ್ತ ಬಂದ ₹5,000 ಕೋಟಿಯಲ್ಲಿ ಘೋಷಣೆ ಎಷ್ಟು, ಬಿಡುಗಡೆ ಎಷ್ಟು, ಖರ್ಚು ಎಷ್ಟು ಎಂದು ಮೂರು ಕಾಲಂ ಬೇರೆ ಬೇರೆ ಇಟ್ಟು ಓದಲು ಬರಬೇಕು. ಯಲಬುರ್ಗಾದ ಕಾಲೇಜಿನ ಹುಡುಗ ಹುಡುಗಿಯರಿಗೆ ಇದು ಬಾಯಿಪಾಠ. ಅವರ ಸೀಟು, ಅವರ ನೌಕರಿ ಅದರಲ್ಲಿದೆ.

ಹಾಗಾದರೆ ಕಲಿಸುವುದು ಹೇಗೆ?

ಮಾತು ಕಲಿಸಬೇಕಾದ ಸೀಮೆ ಇದಲ್ಲ. ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡು ಎಂದು ಎಣಿಸಿದ ನಾಲ್ಕು ಊರುಗಳಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳ, ಒಂದು. ಹಾಸ್ಯಸಂಜೆಗಳಿಂದ ನಾಡೆಲ್ಲ ಹೆಸರಾದ ಪ್ರಾಣೇಶ್ ತಮ್ಮ ಹೆಸರಿನ ಜೊತೆ ಗಂಗಾವತಿಯನ್ನೂ ಹೊತ್ತು ತಿರುಗುತ್ತಾರೆ. ಕಲಿಸಬೇಕಾದದ್ದು ಮಾತಿಗೆ ಆಧಾರ ಕೊಡುವುದನ್ನು, ಆಧಾರ ಮುಗಿದಲ್ಲಿ ಮಾತು ನಿಲ್ಲಿಸುವುದನ್ನು.

ಒಂದು ‘ಲೈವ್’ ಹೇಗಿರುತ್ತದೆ ನೋಡಿ. ಜಿಲ್ಲಾ ವರದಿಗಾರ ಬೇವಿನ ಮರದ ನೆರಳಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಂತಿರುತ್ತಾನೆ. ಸ್ಟುಡಿಯೊದ ಪ್ರಶ್ನೆ ಅವನಿಗೆ ತಲುಪುವುದು ಒಂದೆರಡು ಸೆಕೆಂಡ್ ತಡವಾಗಿ. ಅಷ್ಟು ಹೊತ್ತು ಸುಮ್ಮನೆ ತಲೆಯಾಡಿಸುತ್ತಾನೆ. ‘ಒಂದೇ ಮಾತಲ್ಲಿ ಹೇಳಿ, ಕೊಪ್ಪಳದಲ್ಲಿ ಯಾರು ಗೆಲ್ತಾರೆ?’ ಎಂಬುದು ಪ್ರಶ್ನೆ. ತರಬೇತಿ ಇಲ್ಲದವನು ಒಂದು ಹೆಸರು ಹೇಳಿಬಿಡುತ್ತಾನೆ. ತರಬೇತಾದವನು ಹೀಗೆ ಹೇಳಿಯಾನು: ‘ಕಾರಟಗಿ ಕಡೆಯ ಕಾಲುವೆ ಊರುಗಳಲ್ಲಿ ಎರಡನೇ ಬೆಳೆಯ ನೀರಿನ ಸಿಟ್ಟು ಕಾಣ್ತಿದೆ, ಅದು ಆಳುವ ಪಕ್ಷಕ್ಕೆ ಕಷ್ಟ. ಕುಷ್ಟಗಿ ಕಡೆ ಸ್ಪರ್ಧೆ ಸರಿಸಮ. ಸಿಂಧನೂರು, ಸಿರುಗುಪ್ಪಕ್ಕೆ ನಾನು ಹೋಗಿಲ್ಲ. ಹಾಗಾಗಿ ಗೆಲುವು ಯಾರದ್ದು ಎಂದು ಈಗ ಹೇಳಲ್ಲ.’ ಇಪ್ಪತ್ತು ಸೆಕೆಂಡಿನ ಉತ್ತರ. ಕಂಡದ್ದು, ಅದರ ಅರ್ಥ, ಕಾಣದ್ದು ಮೂರೂ ಅದರಲ್ಲಿವೆ. ಈ ಉತ್ತರವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೇಳಿ, ಮತ್ತೆ ಮಾಡಿಸುವುದಕ್ಕೆ ಸ್ಟುಡಿಯೊ ಬೇಡ. ಕಾಲೇಜಿನ ರಾಜ್ಯಶಾಸ್ತ್ರ ವಿಭಾಗದ ಒಂದು ಕೋಣೆ ಸಾಕು.

ಜೊತೆಗೆ ಕಾನೂನಿನ ಪಾಠ ಒಂದು ಬೆಳಿಗ್ಗೆಯದು. ಜನಪ್ರಾತಿನಿಧ್ಯ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಮತದಾನ ಮುಗಿಯುವ ಮುಂಚಿನ 48 ಗಂಟೆ ಟಿವಿಯಲ್ಲಿ ಚುನಾವಣಾ ಪ್ರಚಾರಕ್ಕೆ ಸಮನಾದದ್ದು ಯಾವುದೂ ಬರುವಂತಿಲ್ಲ. 126ಎ ಪ್ರಕಾರ ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆಯಾಗುವವರೆಗೆ ಮತಗಟ್ಟೆ ಸಮೀಕ್ಷೆ ಪ್ರಸಾರ ನಿಷಿದ್ಧ. ಸಮೀಕ್ಷೆಯ ಪಾಠ ಇನ್ನೊಂದು ದಿನದ್ದು. ಲೋಕನೀತಿಯ ಸಮೀಕ್ಷೆಗಳಲ್ಲಿ ಮತದಾರರ ಪಟ್ಟಿಯಿಂದ ಹೆಸರು ಎತ್ತಿ ಮನೆ ಬಾಗಿಲಿಗೆ ಹೋಗುತ್ತಾರೆ. ಯಾರಿಗೆ ಓಟು ಹಾಕಿದಿರಿ ಎಂದು ಬಾಯಿಬಿಟ್ಟು ಕೇಳದೆ, ಮಾದರಿ ಮತಪತ್ರಕ್ಕೆ ಗುರುತು ಹಾಕಿಸಿ ಡಬ್ಬಿಗೆ ಹಾಕಿಸುತ್ತಾರೆ. ಗೌಡರ ಕಟ್ಟೆ ಮುಂದೆ ನಿಂತು ಬೈಟ್ ಕೇಳಿದರೆ ಸಿಗುವ ಉತ್ತರಕ್ಕೂ ಇದಕ್ಕೂ ಇರುವ ಅಂತರ ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಬಿಡಿಸಿ ಹೇಳಬೇಕಿಲ್ಲ. ಇಷ್ಟು ಎಚ್ಚರ ವಹಿಸಿದರೂ ಅಂದಾಜು ತಪ್ಪಬಹುದು. 2024ರಲ್ಲಿ ಎನ್‌ಡಿಎಗೆ 361ರಿಂದ 401 ಸೀಟು ಎಂದಿದ್ದ ಇನ್ನೊಂದು ದೊಡ್ಡ ಸಮೀಕ್ಷಾ ಸಂಸ್ಥೆಯ ಮುಖ್ಯಸ್ಥರು, 293 ಬಂದಾಗ ನೇರಪ್ರಸಾರದಲ್ಲೇ ಅತ್ತರು. ಅವರಾದರೂ ಅಂಕಿ ಹೇಳಿ ಸಿಕ್ಕಿಬಿದ್ದರು. ಅಂಕಿಯನ್ನೇ ಹೇಳದೆ ದಿನವೂ ಮಾತಾಡುವವರು ಎಲ್ಲಿಯೂ ಸಿಕ್ಕಿಬೀಳುವುದಿಲ್ಲ. ಅದಕ್ಕೇ ಕಲಿಯುವವರು ತಮ್ಮ ಅಂದಾಜುಗಳನ್ನು ತಾರೀಖು ಹಾಕಿ ಬರೆದಿಡಬೇಕು, ಫಲಿತಾಂಶದ ಮರುದಿನ ಅದನ್ನು ಎಲ್ಲರೆದುರು ಓದಬೇಕು.

ಪರೀಕ್ಷೆಗೆ ವಿಧಾನಸಭಾ ಚುನಾವಣೆವರೆಗೆ ಕಾಯಬೇಕಿಲ್ಲ. ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೂ ವರ್ಷಗಟ್ಟಲೆ ಅವು ಮುಂದಕ್ಕೆ ಹೋದವು. ಕಲಿಯುವವರಿಗೆ ಅಂಥ ಚುನಾವಣೆಗಿಂತ ಒಳ್ಳೆಯ ಕಣವಿಲ್ಲ. ಹನುಮಸಾಗರದಲ್ಲಿ, ಹಿರೇವಂಕಲಕುಂಟಾದಲ್ಲಿ ಯಾರು ಯಾಕೆ ಗೆದ್ದರು ಎಂದು ಹೇಳುವ ಕೆಲಸ ಬಂದಾಗ ಬೆಂಗಳೂರಿನ ಪ್ಯಾನೆಲಿಗೆ ಆ ಊರುಗಳು ನಕ್ಷೆಯಲ್ಲೂ ಸಿಗುವುದಿಲ್ಲ. ಅಲ್ಲಿ ಸರಿಯಾಗಿ ಹೇಳಿದವರಿಗೆ ಲೋಕಸಭೆಯ ಎಣಿಕೆಯ ದಿನ ಕುರ್ಚಿ ಕೊಡಿ. ತಪ್ಪಾಗಿ ಹೇಳಿ, ಯಾಕೆ ತಪ್ಪಿತೆಂದು ವಿವರಿಸಬಲ್ಲವರಿಗೂ ಕೊಡಿ.